ಒಂದು ಗಂಟೆ ಮುಂದೆ

ನಮ್ಮ ದ್ವೀಪದಲ್ಲಿ ನಾಲ್ಕು ಹೊಡೆದಾಗ
ಎದುರಿನ ರೆಸಾರ್ಟಿನಲ್ಲಿ ಐದು.
ನಡುವೆ ಇರುವುದು ಇಪ್ಪತ್ತು ನಿಮಿಷದ ನೀರು,
ಒಂದು ದೋಣಿ, ಅದನ್ನು ನಡೆಸುವ ಮೂಸಾ ಮಾನಿಕು,
ಅವನ ಆರಿದ ಬೀಡಿ.

ಅತಿಥಿಗಳಿಗೆ ಸಂಜೆ ಉದ್ದವಾಗಲಿ ಎಂದು
ಯಾವನೋ ಮ್ಯಾನೇಜರು ಗಡಿಯಾರದ ಕಿವಿ ಹಿಂಡಿದನಂತೆ,
ನಾನು ಕೆಲಸಕ್ಕೆ ಸೇರುವ ಮೊದಲೇ.
ಸೂರ್ಯನನ್ನು ಕೇಳಿ ಮಾಡಿದ್ದಲ್ಲ.
ಅವನು ಹಳೆಯ ಹೊತ್ತಿಗೇ ಮುಳುಗುತ್ತಾನೆ,
ಇವರು ಅದಕ್ಕೆ ಏಳು ಗಂಟೆ ಎನ್ನುತ್ತಾರೆ
ಲೋಟದ ಅಂಚಿಗೆ ಕಿತ್ತಳೆ ಹೋಳು ಸಿಕ್ಕಿಸಿ.

ನಾನು ಝುಹುರಾ. ಗುಡಿಸುವವಳು.
ಅಲ್ಲ, ಎದೆಯ ಮೇಲಿನ ಚೀಟಿಯಲ್ಲಿ
ತೀರ ಸೌಂದರ್ಯ ಸಹಾಯಕಿ ಎಂದಿದೆ.
ಎಂಟನೇ ವಿಲ್ಲಾದಿಂದ ಹದಿನಾಲ್ಕರವರೆಗಿನ ಮರಳು ನನ್ನ ಪಾಲು.
ಬೆಳಕು ಹರಿಯುವಷ್ಟರಲ್ಲಿ
ನಿನ್ನೆ ಇಲ್ಲಿ ಯಾರೂ ನಡೆದಿರಬಾರದು.
ಅಷ್ಟೇ ಕೆಲಸ.

ಏನೆಲ್ಲ ಅಳಿಸಿದೆ ಈ ಹಿಡಿಸೂಡಿ!
ಹೃದಯದೊಳಗೆ ಬರೆದ ಜೋಡಿ ಹೆಸರು,
ಮರುದಿನ ಅಲ್ಲೇ, ಅದೇ ಅಕ್ಷರದಲ್ಲಿ, ಒಂದೇ ಹೆಸರು.
ಮಗುವಿನ ಕೋಟೆ, ಅದರ ಬಾಗಿಲಿಗೆ ಕಾವಲು ನಿಂತ
ಔಷಧಿ ಬಾಟಲಿಯ ಮುಚ್ಚಳ.
ಮಂಡಿಯೂರಿದ ಗುಳಿ ಒಂದೇ ಇದ್ದರೆ
ಉಂಗುರ ತೊಡಿಸಿದ್ದಾನೆ.
ಎರಡಿದ್ದರೆ ಬೇರೆ ಕಥೆ, ಬೇಗ ಗುಡಿಸಿಬಿಡುತ್ತೇನೆ.

ಹನ್ನೊಂದರ ಮುಂದಿನ ತೆಂಗಿಗೆ ಉಯ್ಯಾಲೆ ಕಟ್ಟಿದ್ದಾರೆ.
ಕಾಂಡದ ಉದ್ದಕ್ಕೂ ಕಚ್ಚುಗಳು.
ಅಲಂಕಾರ, ಎನ್ನುತ್ತಾನೆ ಬಗ್ಗಿ ಓಡಿಸುವ ಹುಡುಗ.
ನನ್ನಜ್ಜ ಕಡಿದ ಮೆಟ್ಟಿಲು ಅವು.
ಹತ್ತಿ ನೀರಾ ಇಳಿಸುತ್ತಿದ್ದ, ಅಜ್ಜಿ ಕೆಳಗೆ ಪಾಕ ಕಾಯಿಸುತ್ತಿದ್ದಳು.
ಆಗ ಈ ದ್ವೀಪಕ್ಕೆ ಗಡಿಯಾರ ಇರಲಿಲ್ಲ,
ಬಾವಿಯಿತ್ತು, ಬಾವಲಿಗಳಿದ್ದವು.

ನಮಾಜು ಮಾತ್ರ ಈಗಲೂ ಸೂರ್ಯನ ಮಾತು ಕೇಳುತ್ತದೆ.
ಅಡುಗೆಮನೆ ಹಿಂದಿನ ಪುಟ್ಟ ಮಸೀದಿಯ ಗೋಡೆಗೆ
ಎರಡು ಸಾಲು ಅಂಕಿ ಅಂಟಿಸಿದ್ದಾರೆ,
ಇಲ್ಲಿಯದು, ಅಲ್ಲಿಯದು.
ದೇವರದು ಯಾವುದೆಂದು ಬರೆದಿಲ್ಲ.

ಹೋದ ವಾರ ಒಂಬತ್ತಕ್ಕೆ ಒಬ್ಬ ಮುದುಕಿ ಬಂದಳು,
ಪೋರ್ಚುಗಲ್ಲಿನ ದಿಯೊಲಿಂದಾ, ಒಬ್ಬಳೇ.
ಜೋಡಿ ಹಾಸಿಗೆ, ಟವೆಲಿನಲ್ಲಿ ಮಡಿಸಿದ ಜೋಡಿ ಹಂಸ,
ನಿದ್ದೆ ಮಾತ್ರ ಇಲ್ಲ.
ಕತ್ತಲಲ್ಲೇ ಎದ್ದು ಬಂದು ನನ್ನ ಹಿಂದೆ ನಡೆದಳು
ಗುಡಿಸಿದಲ್ಲೆಲ್ಲ ಅಚ್ಚೊತ್ತುತ್ತಾ.
ಗಂಟೆ ಎಷ್ಟು, ಎಂದಳು.
ಎಲ್ಲಿಯದು, ಎಂದೆ.
ನಕ್ಕಳು. ಅವಳ ಕೈಯಲ್ಲಿ ಮೂರನೆಯದೊಂದಿತ್ತು,
ಊರಿನದು, ಅಲ್ಲಿನ್ನೂ ನಿನ್ನೆಯ ರಾತ್ರಿ.
ಮಗಳ ಹುಟ್ಟುಹಬ್ಬ ಇನ್ನೂ ಅರ್ಧ ಗಂಟೆ ಇದೆ, ಎಂದಳು.
ಮಗಳು ಎಲ್ಲಿದ್ದಾಳೆಂದು ನಾನು ಕೇಳಲಿಲ್ಲ.
ನನ್ನ ಡಬ್ಬಿಯ ಮಾಸ್ ಹುನಿ ಇಬ್ಬರೂ ತಿಂದೆವು,
ಮೀನು, ತೆಂಗಿನ ತುರಿ, ಈರುಳ್ಳಿ,
ಖಾರಕ್ಕೆ ಅವಳ ಕಣ್ಣಲ್ಲಿ ನೀರು,
ಖಾರಕ್ಕೇ ಇರಬೇಕು.
ಅತಿಥಿಗಳ ಜೊತೆ ಕೂರಬಾರದೆಂದು ನಿಯಮವಿದೆ.
ನಾವು ಕೂತೆವು, ಅರ್ಧ ಗಂಟೆ.

ಏಳುವಾಗ ಹೇಳಿದಳು, ಒಂದನ್ನು ಬಿಡು.
ಬಿಟ್ಟೆ. ಬಲಗಾಲಿನದು, ಕಿರುಬೆರಳು ಸ್ವಲ್ಪ ಸೊಟ್ಟ.
ಶಫೀಉ ಸಾಹೇಬರು ಬಗ್ಗಿ ನಿಲ್ಲಿಸಿದರು.
ಏನಿದು?
ಏಡಿ, ಎಂದೆ.
ಐದು ಬೆರಳಿನ ಏಡಿಯೇ?
ಒಂದು ಗಂಟೆ ಮುಂದಿರುವ ದ್ವೀಪದಲ್ಲಿ
ಏನೇನು ಹುಟ್ಟುತ್ತದೋ ಸಾರ್, ಎಂದೆ.
ಅರ್ಧ ದಿನದ ಸಂಬಳ ಹೋಯಿತು.
ಅಚ್ಚು ಮಧ್ಯಾಹ್ನದ ಭರತಕ್ಕೆ ಹೋಯಿತು.

ಸಂಜೆ ಐದಕ್ಕೆ ದೋಣಿ ಹತ್ತಿ
ನಾಲ್ಕು ಇಪ್ಪತ್ತಕ್ಕೆ ನಮ್ಮ ದಡ ಮುಟ್ಟುತ್ತೇನೆ.
ನಡುನೀರಲ್ಲಿ ಮುಳ್ಳು ಹಿಂದಕ್ಕೆ ತಿರುಗಿಸುವುದನ್ನು
ಮೂಸಾ ಮಾನಿಕು ನೋಡಿಯೂ ನೋಡದಂತಿರುತ್ತಾನೆ.
ದಿನಾ ವಾಪಸು ಸಿಗುವ ಈ ಗಂಟೆಯಲ್ಲಿ
ನಾನು ಏನೂ ಗುಡಿಸುವುದಿಲ್ಲ.
ಬಾಗಿಲ ಮುಂದಿನ ಹಗ್ಗದ ಜೋಲಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ.
ಕೋಳಿ ಕೆದಕುತ್ತದೆ, ಮಕ್ಕಳು ಅಡ್ಡಾದಿಡ್ಡಿ ಓಡುತ್ತಾರೆ,
ಮೀನಿನ ಬುಟ್ಟಿ ಎಳೆದ ಗೆರೆ ಅಡುಗೆಮನೆಯವರೆಗೂ ಇದೆ.

ಯಾರ್ಯಾರದೋ ಮರಳು ಗುಡಿಸಿ ಬರುತ್ತಾಳೆ,
ಮನೆಯಂಗಳ ನೋಡು ಹೇಗಿದೆ,
ಅತ್ತೆ ಗೊಣಗುತ್ತಾಳೆ.

ನೋಡುತ್ತಲೇ ಇದ್ದೇನೆ.