ಎಡಗಾಲು

ನನ್ನ ಕುಂಟು ಕಲಿಯಾಕ ಮುಂಬೈಲಿಂದ ಒಬ್ಬಾತ ಬಂದಿದ್ದ.
ಮೂರು ದಿನ ನಮ್ಮ ಸಂಖದಾಗ ಇದ್ದ,
ಸಜ್ಜಿ ರೊಟ್ಟಿ ತಿಂದ, ಖಾರಕ್ಕ ಕಣ್ಣೀರು ಹಾಕಿದ.
ಅಗಸಿಯಿಂದ ಹಳ್ಳದ ಮಟ ನಾ ಮುಂದಕ್ಕ ನಡೀತಿದ್ದೆ,
ಅವ ನನ್ನೆದುರಿಗೆ ಹಿಂದಹಿಂದಕ್ಕ ನಡಕೋತ
ಕನ್ನಡಿ ನೋಡಿದಂಗ ನನ್ನ ಕಾಲು ನೋಡತಿದ್ದ.
ನಮ್ಮ ನಾಯಿಗೆ ಗೊಂದಲ,
ಯಾರಿಗೆ ಬಾಲ ಅಳ್ಳಾಡಿಸೋದು?

ಪಿಚ್ಚರ್ ಬಂತು. ತಹಶೀಲ್ದಾರ ಜೀಪು ಕಳಿಸಿದ.
ಜತ್ತಿನ ಟಾಕೀಜಿನಾಗ ಮೊದಲ ಸಾಲು,
ಮಾನಕ್ಕ ಕುಂತು ಕುತಿಗಿ ಹಿಡಕೊಂಡಿತು.
ಪರದೆ ಮ್ಯಾಲ ನಾ ಹದಿನೆಂಟು ಮಂದೀನ್ನ ಕೊಂದೆ.
ಖರೇ ಹೇಳಬೇಕಂದ್ರ
ಯಾರನ್ನ ಕೊಂದೆ ಅಂತ ನನಗ ಗೊತ್ತಿಲ್ಲ.
ಕತ್ತಲಿತ್ತು. ಬಂಡಿಗಲ್ಲಿನ ಆಚಿ ಕಡೆ
ಯಾವನೋ ಕೆಮ್ಮತಿದ್ದ.
ಆಮ್ಯಾಲ ಕೆಮ್ಮಲಿಲ್ಲ.

ಬರ್ಫ ಚೊಲೋ ತೋರಿಸ್ಯಾರ, ಅದಕ್ಕ ಹೆಸರಿಡಂಗಿಲ್ಲ.
ಆಗಷ್ಟ ಕತ್ತರಿಸಿ ಒಟ್ಟಿದ ಉಣ್ಣಿಯಂಗ, ಗುಡ್ಡದ ತುಂಬ.
ಆದರ ಉಣ್ಣಿಗೆ ಕುರಿ ವಾಸನಿ ಇರತೈತಿ.
ಹುಟ್ಟಿದಾಗಿಂದ ಹಿಂಡಿನಾಗ ಮಲಗಿದಾವ ನಾನು,
ವಾಸನಿ ಇಲ್ಲದ ಆ ಬಿಳಪಿಗೆ ಅಂಜಿದಷ್ಟು
ಗುಂಡಿಗೆ ಅಂಜಲಿಲ್ಲ.

ಹುಕುಂ ಹಿಂದ್ಯಾಗ, ಬೈಗುಳ ಮರಾಠ್ಯಾಗ,
ಉಳಿದ ಕಾಡತೂಸು ಎಣಿಸಿದ್ದು ಮಾತ್ರ ಕನ್ನಡದಾಗ:
ಒಂದು, ಎರಡು, ಮೂರು, ಮತ್ತ ಮೂರು,
ಬೆರಳು ಸೆಟೆದು ನಾಕು ಬರವಲ್ದು.
ಪಿಚ್ಚರಿನಾಗ ಆ ಮಲಕಾರಿಗೆ ಕನ್ನಡ ಬರೂದಿಲ್ಲ.
ಅವನ ಕನಸಿನಾಗ ಸುದ್ದಾ ನಮ್ಮವ್ವ
ಹಿಂದಿ ಮಾತಾಡತಾಳ, ಮೂಗಿನಾಗ ಹೊಸ ನತ್ತು.

ಘಾಡಗೆ ಸಾಯೂ ಹೊತ್ತಿಗೆ ದೇಶದ ಮಾತು ಹೇಳಿದ,
ಪೀಪಿ ಊದಿದರು, ಮಂದಿ ಎದ್ದು ನಿಂತರು, ನಾನೂ ನಿಂತೆ.
ಖರೇ ಘಾಡಗೆ ಕೇಳಿದ್ದು
“ಕಿತಿ ವಾಜಲೇ?”
ನನ್ನ ಗಡಿಯಾರದಾಗ ಎರಡಕ್ಕ ಹತ್ತು ನಿಮಿಷ ಕಮ್ಮಿ.
ಐದು, ಅಂದೆ.
ಬೆಳಕು ಹರಿಯಾಕ ಬಂತು ಅಂತ ಅವ ಕಣ್ಣು ಮುಚ್ಚಿದ.
ಪಿಚ್ಚರಿನವರಿಗೆ ಈ ಸುಳ್ಳು ಹೇಳಿಲ್ಲ.
ಹೇಳಿದ್ದರ ಅದಕ್ಕೂ ಪೀಪಿ ಊದತಿದ್ದರು.

ಕಾಲಿಗೆ ಗುಂಡು ಬಿದ್ದಾಗ ಪರದೆ ಎಲ್ಲಾ ಕೆಂಪು.
ಕತ್ತಲದಾಗ ನೀಲವ್ವನ ಕೈ ಬಂತು,
ನನ್ನ ಬಲಮೊಣಕಾಲು ಗಟ್ಟಿ ಹಿಡೀತು.
ಮ್ಯಾಲಿನಾಂವ ಎಡಗಾಲು ಹಿಡಕೊಂಡು ಹೊಳ್ಳ್ಯಾಡಾಕತ್ತಿದ್ದ.

ಊರಿಗೆ ಬರೂದು ರೇಲ್ವೆ ಟೇಸನ್ನಿನಾಗ,
ಹಾರ, ಹಲಗಿ, ಆರತಿ.
ನಮ್ಮೂರಿಗೆ ರೇಲ್ವೆ ಎಲ್ಲೈತಿ?
ಮಾಡಗ್ಯಾಳ ಸಂತಿ ಮುಗಿಸಿದ ಟೆಂಪೊದಾಗ ಬಂದೆ,
ಮಾರದ ಏಳು ಕುರಿ ನಡುವ, ಕಾಲು ಚಾಚಿ.
ಒಂದು ಮರಿ ಪಟ್ಟಿ ನೆಕ್ಕತಿತ್ತು.
ಬಾಗಲಾ ತೆಗದಾಕಿ ನೀಲವ್ವ. ಅಳಲಿಲ್ಲ.
ಹಿಟ್ಟು ನಾದಾಕ ಒಳಗ ಹ್ವಾದ್ಲು.

ಅವ್ವ ಹಿಂಡಿನ ಕೂಡ ಹೊಳಿದಂಡಿಗೆ ಹೋಗಿದ್ಲು,
ಸುದ್ದಿ ಮುಟ್ಟಿ ಬಂದದ್ದು ಹನ್ನೊಂದು ದಿನಕ್ಕ.
ಬಂದಾಕಿ ಕಂಬಳಿ ಕೊಡವಿ ನನ್ನ ಮುಂದ ಕುಂತು,
ಮುರದ ಮರಿಕಾಲು ನೋಡಿದಂಗ
ಹೆಬ್ಬೆರಳಿಲೆ ಒತ್ತಿ ಒತ್ತಿ ಎಲವು ನೋಡಿದ್ಲು.
“ಕುರಿ ಆಗಿದ್ದರ ಈ ಸಂತಿಗೆ ಕೊಟ್ಟುಬಿಡತಿದ್ದೆ” ಅಂದ್ಲು.
ಕೈ ಮಾತ್ರ ತೆಗೀಲಿಲ್ಲ,
ದೀಪದ ಎಣ್ಣಿ ತೀರೂ ಮಟ.

ಈಗ ಸಾಲಿ ಬಿಟ್ಟಮ್ಯಾಲ
ಓಣಿ ಹುಡುಗರು ಕಟ್ಟಿಗಿ ಬಂದೂಕ ಹಿಡದು
ಮಲಕಾರಿ ಆಗತಾವ, ಎಲ್ಲಾವೂ ಎಡಗಾಲು ಎಳಕೋತ.
ಮೊನ್ನೆ ಮೊಮ್ಮಗ ಬೀರೂ ನನ್ನ ಅಡ್ಡಗಟ್ಟಿ
“ಮುತ್ಯಾ, ನೀ ತಪ್ಪು ಕುಂಟತಿ” ಅಂದ.
ಹೌದಪಾ, ಅಂದೆ.
ಅಗಸಿ ಮಟ ಎಡಗಾಲು ಎಳದು ತೋರಿಸಿದೆ.
ನೋವು ಎರಡೂ ಕಡೆ. ಚಪ್ಪಾಳಿ.
ತಿರುವು ದಾಟಿ, ಅವು ಕಾಣದಂಗ ಆದಮ್ಯಾಲ
ಬಲಗಾಲಿಗೆ ಬಂದೆ.
ನಾಯಿ ಅಷ್ಟೊತ್ತನಕ ಬಾಲ ಮಡಚಿ
ನಿಂತಲ್ಲೇ ನಿಂತಿತ್ತು,
ಆಗ ಬೆನ್ನ ಹತ್ತಿತು.