ಟೇಪು

ಮ್ಯಾಪಲ್ಟನ್ ದಂಡೆ. ಮಾರ್ಚ್ ಗಾಳಿ
ನನ್ನ ಹಾಳೆಗಳನ್ನು ನನಗಿಂತ ಮೊದಲೇ ಓದಿ ಮುಗಿಸಿತ್ತು.

ಮರಳು ಎತ್ತ ಸಾಗುತ್ತದೆ ನೋಡಲು
ಟ್ಯಾಮ್ಸಿನ್ ನೀರಿಗೊಂದು ಕಿತ್ತಳೆ ಎಸೆದಳು:
ಐದು ನಿಮಿಷ, ಹನ್ನೊಂದು ಮೀಟರು, ತೆಂಕಲಿಗೆ.
ಬರೆದುಕೊಂಡೆ.

ನಾರ್ವೆಯಿಂದ ಹಡಗೇರಿ ಬಂದ ಬಂಡೆಸಾಲು.
ಇತ್ತ ಮರಳು ಸೊಂಟದೆತ್ತರ,
ಅತ್ತ ಕೋಲು ಹಿಡಿದ ಇದ್ರಿಸನ ಬೂಟಿನಡಿ ಬರೀ ಜೇಡಿ.
ಊರು ಉಳಿಯಿತು, ಅಂದರು ಮೇಷ್ಟ್ರು.
ಊರಿನಾಚೆ? ಅದು ನಾಳಿನ ಪ್ರಶ್ನೆಯಂತೆ.

ಸಂಜೆ ತೆಂಕಣ ದಿಬ್ಬದ ಮೇಲೆ
ಮಿಸೆಸ್ ಗಾರ್ಬಟ್ ಹಿತ್ತಿಲ ಬಾಗಿಲು ತೆರೆದರು.
ಹೊಸ್ತಿಲಿಂದ ಅಂಚಿಗೆ ಹದಿನಾಲ್ಕು.

"ಹೋದ ವರ್ಷದ ಮಕ್ಕಳು ಹದಿನೇಳು ಅಂದಿದ್ದರು."
ಚಹಾದ ಲೋಟ ಕೈಗಿಟ್ಟು,
"ಇನ್ನೊಮ್ಮೆ ಅಳೆಯಿರಪ್ಪ,
ಈ ಸಲ ಟೇಪನ್ನು
ಸ್ವಲ್ಪ ಸಡಿಲ ಹಿಡಿದು."