ದೋಣಿ, ಗುಂಡಿ, ನಿಂಬೆ

ಎರಡು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ,
ಸಾರೆಮಾ ದ್ವೀಪಕ್ಕೆ ಹೊರಡುತ್ತದೆ ನಮ್ಮ ವ್ಯಾನು.
ಹಡಗಿನ ಹೊಟ್ಟೆಯಲ್ಲಿ ಮೀನಿನ ಲಾರಿಗಳ ನಡುವೆ ನಿಂತು
ಕಡಲ ಮೇಲಿನ ಮಂಜುಗಡ್ಡೆ ಒಡೆಯುವುದ ಕೇಳಿಸಿಕೊಳ್ಳುತ್ತದೆ.
ಒಳಗೆ ರಕ್ತದ ಕೊಳವೆಗಳಿಗೆಂದು ತಣ್ಣನೆ ಪೆಟ್ಟಿಗೆ,
ತಾರ್ತುವಿನ ಊರ್ವೆ, ಟುರ್ಕುವಿನ ಔಲಿಸ್, ನಾನು,
ಬಟ್ಟೆಯಲ್ಲಿ ಸುತ್ತಿದ ಕರಿ ಬ್ರೆಡ್ಡು.

ಮೊದಲ ಪುಟ ಬರೆದವರು ಡಾಕ್ಟರ್ ಹೆಲ್ಡುರ್.
ನೀಲಿ ಶಾಯಿ, ಮೊಳೆ ಹೊಡೆದಂಥ ಅಕ್ಷರ.
ಅವರ ನಂತರ ಯಾರದೋ ಹಸಿರು ಪೆನ್ನು,
ಆಮೇಲೆ ಊರ್ವೆಯ ವಾಲಿದ ಸಾಲು,
ಈಗ ನಾನು, ಟ್ಯಾಬ್ಲೆಟ್ಟಿನ ಮೇಲೆ ಬೆರಳು.
ಮೂವತ್ತನಾಲ್ಕು ವರ್ಷ. ಎಂಟುನೂರ ಹನ್ನೆರಡು ಜನ.
ಉಳಿದವರು ನಲವತ್ತೊಂದು.
ಕೇಳುವವರೂ ಸವೆಯುತ್ತಾರೆ; ಅದಕ್ಕೆ
ನಮೂನೆಯಲ್ಲಿ ಕಾಲಂ ಇಲ್ಲ.

ಮೂರು ಪದ ಹೇಳುತ್ತೇವೆ. ಐದು ನಿಮಿಷ ಬೇರೆ ಮಾತು.
ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ.
ನೂರರಿಂದ ಏಳೇಳು ಕಳೆಯುತ್ತ ಬನ್ನಿ.
ಈಗ ಹೇಳಿ, ಆ ಮೂರು ಪದ?
ದೋಣಿ. ಗುಂಡಿ. ನಿಂಬೆ.

ನಿಂಬೆಯದೇ ತಪ್ಪು ಎನ್ನುತ್ತಾನೆ ಔಲಿಸ್.
ಪದ ಆರಿಸಿದ್ದು ಅಂಗಡಿಗಳು ಬರಿದಾಗಿದ್ದ ಚಳಿಗಾಲದಲ್ಲಿ;
ಸಿಗದ ಹಣ್ಣನ್ನು ಯಾರು ಮರೆತಾರು?
ದೋಣಿ ಮುಳುಗಿದವರುಂಟು, ಗುಂಡಿ ಉದುರಿಸಿಕೊಂಡವರುಂಟು,
ಮೊದಲ ಸುತ್ತಿನ ಹಾಳೆಗಳಲ್ಲೆಲ್ಲ ನಿಂಬೆ, ನಿಂಬೆ.
ಒಬ್ಬಾಕೆಯಂತೂ ಅಂಚಿನಲ್ಲಿ ಅದರ ಚಿತ್ರ ಬಿಡಿಸಿ
ಬಾಯಲ್ಲಿ ನೀರೂರಿತು ಎಂದು ಬರೆದು ಸಹಿ ಹಾಕಿದ್ದಾಳೆ.
ಎರ್ನಾ.

ಪದ ಬದಲಿಸೋಣ ಎಂದ ಔಲಿಸ್, ಈ ಸಲ ಹೊರಡುವ ಮುನ್ನ.
ಕೇಳಿ ಕೇಳಿ ಬಾಯಿಪಾಠವಾಗಿದೆ, ಇದು ನೆನಪಲ್ಲ, ಉರು.
ಬದಲಿಸಿದರೆ ಹದಿನೇಳು ಸುತ್ತು ನೀರುಪಾಲು ಎಂದಳು ಊರ್ವೆ.
ಕೋಲು ಸವೆದಿದೆ.
ಸವೆದರೇನು, ಅಳೆದದ್ದೆಲ್ಲ ಇದರಲ್ಲೇ.
ತಟ್ಟೆಯ ಮೀನು ತಣ್ಣಗಾಗುವ ತನಕ ಜಗಳ.
ಇಬ್ಬರೂ ಸರಿ, ಅದೇ ಕಷ್ಟ.
ಹಳೆಯ ಮೂರು, ಹೊಸ ಮೂರು, ಎರಡೂ ಕೇಳುವುದೆಂದಾಯಿತು.

ಎರ್ನಾಳಿಗೀಗ ತೊಂಬತ್ತು.
ಅವಳ ರಕ್ತದಲ್ಲಿ ನಾವು ಹುಡುಕುವ ಪ್ರೋಟೀನು
ಹದಿನಾರು ವರ್ಷದ ಹಿಂದೆಯೇ ಏರತೊಡಗಿತ್ತಂತೆ,
ಇಸ್ಪೀಟಿನಲ್ಲಿ ಊರನ್ನೇ ಅವಳು ಸೋಲಿಸುತ್ತಿದ್ದಾಗ.
ನಮಗೆ ಗೊತ್ತಾದದ್ದು ಮೊನ್ನೆ, ಹಳೆ ಕೊಳವೆ ಕರಗಿಸಿದ ಮೇಲೆ.
ರಕ್ತ ಎತ್ತಿಡುವುದು ಹೆಲ್ಡುರ್ ಹಾಕಿಕೊಟ್ಟ ರೂಢಿ,
ಯಾವುದಕ್ಕೆಂದು ಅವರಿಗೂ ತಿಳಿಯದೆ,
ಬರುವ ವರ್ಷದ ನೆಂಟರಿಗೆ ಉಪ್ಪಿನಕಾಯಿ ಎತ್ತಿಟ್ಟ ಹಾಗೆ.

ಮಗಳು ಮಾರೆತ್ ಕಾಫಿ ತಂದಿಟ್ಟಳು.
'ನೀನು ಯಾರ ಪೈಕಿ?' ಕೇಳಿದಳು ಎರ್ನಾ.
ಮಾರೆತ್ ಹೇಳಿದಳು, ಲೋಟ ಒರೆಸುತ್ತ, ಆ ಬೆಳಗಿಗೆ ನಾಲ್ಕನೇ ಸಲ.
ಬರೆದ ಗಡಿಯಾರಕ್ಕೆ ಮುಳ್ಳಿರಲಿಲ್ಲ,
ಅಂಕಿಗಳೆಲ್ಲ ಒಂದೇ ಮಗ್ಗುಲಿಗೆ ಜಾರಿ ಕೂತಿದ್ದವು.
ಹೊಸ ಪದಗಳು ಗಾಳಿಗೆ ಹೇಳಿದ ಹಾಗಾದವು.
ಹಳೆಯವನ್ನು ನಾನು ಎತ್ತುವ ಮೊದಲೇ
ಬಂದ ನೆಂಟರ ತಲೆ ಎಣಿಸುವ ಹಾಗೆ ನಮ್ಮತ್ತ ತಿರುಗಿ
ಔಲಿಸ್‌ನ ಕಡೆ ಬೆರಳು ಮಾಡಿದಳು: ದೋಣಿ.
ಊರ್ವೆಯ ಕಡೆ: ಗುಂಡಿ.
ನನ್ನನ್ನು ತುಸು ಹೊತ್ತು ನೋಡಿ,
ಕಣ್ಣು ಕಿರಿದು ಮಾಡಿ, ಬಾಯಿ ಚಪ್ಪರಿಸಿ: ನಿಂಬೆ.
ಬಂದಿರಾ, ಎಂದಳು. ಹೊರಗೆ ಚಳಿ ಜೋರೇ?

ಮೂರಕ್ಕೆ ಮೂರೋ, ಸೊನ್ನೆಯೋ?
ಖಾಲಿ ಬಿಟ್ಟರೆ ಟ್ಯಾಬ್ಲೆಟ್ಟು ಮುಂದೆ ಹೋಗಗೊಡದು.
ವಾದಕ್ಕೆ ಎಂದೂ ಸೋಲದ ಔಲಿಸ್ ಕಿಟಕಿ ನೋಡುತ್ತಿದ್ದ.
ಊರ್ವೆ ಚೀಲದಿಂದ ಹಳೆಯ ಪುಸ್ತಕ ತೆಗೆದು
ವಾಲಿದ ಅಕ್ಷರದಲ್ಲಿ ಅಂಚಿಗೆ ಬರೆದಳು: ಗುರುತು ಹಿಡಿದರು.
ಯಾರನ್ನು ಎಂದು ಬರೆಯಲಿಲ್ಲ.

ವಾಪಸು ಹಡಗಿನಲ್ಲಿ ಎರ್ನಾಳ ನಾಲ್ಕು ಕೊಳವೆ.
ಅವು ಯಾವ ಪ್ರಶ್ನೆಗೆ ಉತ್ತರವೋ,
ಕೇಳಬೇಕಾದವರು ಇನ್ನೂ ಶಾಲೆಗೇ ಸೇರಿಲ್ಲ.
ಕೋಟಿನ ಸಡಿಲ ಗುಂಡಿ ತಿರುಗಿಸುತ್ತ ಕೂತಿದ್ದಳು ಊರ್ವೆ.
ಚಹಾಕ್ಕೆ ನಿಂಬೆ ಹಾಕಲೇ ಎಂದ ಕ್ಯಾಂಟೀನಿನ ಹುಡುಗ.
ಔಲಿಸ್ ನನ್ನ ನೋಡಿದ.
ಹಾಕು, ಎಂದೆ.